ದೊಡ್ಡ ಸ್ವಾಮಿಯವರು: ಅಬ್ಬೆ ದುಬ್ವಾ ಅವರ ಜೀವನವೂ ನಮ್ಮ ದೇವಾಲಯದ ಹೊರಗೋಡೆಯೂ

ನಮ್ಮ ಧರ್ಮಕೇಂದ್ರಕ್ಕೆ ನೂರು ಸಂವತ್ಸರಗಳು ತುಂಬಿದ ಈ ಶುಭವರ್ಷದಲ್ಲಿ ದೇವಾಲಯದ ಹೊರಮೈಯ ಜೀರ್ಣೋದ್ಧಾರವನ್ನು ನಾವೆಲ್ಲರೂ ಸೇರಿ ಕೈಗೊಂಡಿದ್ದೇವೆ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ವಿಶ್ವಾಸಿಗಳು ತಮ್ಮ ತಮ್ಮ ಶಕ್ತ್ಯನುಸಾರ ಕಾಣಿಕೆ ಸಲ್ಲಿಸುತ್ತಿದ್ದಾರೆ. ಹಳೆಯ ಗಾರೆಯನ್ನು ಕಿತ್ತು ಸಿಮೆಂಟಿನ ಗಿಲಾವು ಮಾಡಿಸಬೇಕೆ, ಅಥವಾ ಹಿರಿಯರು ಮಾಡಿದಂತೆಯೇ ಸುಣ್ಣದ ಗಾರೆಯನ್ನು ಹಚ್ಚಬೇಕೆ ಎಂಬ ಚರ್ಚೆಯೂ ನಡೆದಿದೆ. ಚರ್ಚೆ ನಡೆಯುವುದು ಒಳ್ಳೆಯದೇ. ತಮ್ಮದೆಂಬ ಅಭಿಮಾನವಿಲ್ಲದ ಮನೆಯ ಗೋಡೆಯ ಬಗೆಗೆ ಯಾರೂ ವಾದಿಸುವುದಿಲ್ಲ. ಇಂತಹ ಸಮಯದಲ್ಲಿ ಕನ್ನಡ ನಾಡಿನ ಕ್ರೈಸ್ತ ಸಮುದಾಯವೇ ಬಿರುಕು ಬಿಟ್ಟ ಗೋಡೆಯಂತಾಗಿದ್ದ ಕಾಲದಲ್ಲಿ ಅದನ್ನು ಮತ್ತೆ ಕಟ್ಟಲು ಬಂದ ಒಬ್ಬ ಮಹನೀಯರ ಜೀವನವನ್ನು ನೆನೆಯುವುದು ಉಚಿತವೆಂದು ಭಾವಿಸಿ, ಈ ಲೇಖನವನ್ನು ನಮ್ಮ ಧರ್ಮಕೇಂದ್ರದ ಬಂಧುಗಳ ಮುಂದಿಡುತ್ತಿದ್ದೇವೆ. ಅವರೇ ವಂದನೀಯ ಜಾನ್ ಅಂತ್ವಾನ್ ದುಬ್ವಾ. ಚರಿತ್ರೆಯಲ್ಲಿ ಅಬ್ಬೆ ದುಬ್ವಾ ಎಂದೇ ಪ್ರಸಿದ್ಧರು. ಫ್ರೆಂಚ್ ಭಾಷೆಯಲ್ಲಿ ಅಬ್ಬೆ ಎಂದರೆ ಗುರು ಎಂದರ್ಥ. ನಮ್ಮ ಹಳಗನ್ನಡದಲ್ಲಿ ಅದೇ ಮಾತಿಗೆ ತಾಯಿ ಎಂಬ ಅರ್ಥವಿದೆ. ಅವರ ಜೀವನವನ್ನು ಬಲ್ಲವರಿಗೆ ಈ ಎರಡನೆಯ ಅರ್ಥವೂ ಅಸಂಗತವೆನಿಸಲಾರದು.

ಜನನ ಮತ್ತು ಗುರುದೀಕ್ಷೆ

ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ಆರ್ದೆಷ್ ಪ್ರಾಂತದ ಸೇಂ ರೆಮೇಸ್ ಎಂಬ ಗ್ರಾಮವೇ ದುಬ್ವಾ ಅವರ ಜನ್ಮಸ್ಥಳ. 1760ರ ದಶಕದಲ್ಲಿ ಜನಿಸಿದ ಅವರು 1792ರಲ್ಲಿ ಗುರುದೀಕ್ಷೆ ಪಡೆದರು. ಆ ವರ್ಷವು ಫ್ರಾನ್ಸಿನ ಧರ್ಮಸಭೆಗೆ ಘೋರ ಪರೀಕ್ಷೆಯ ವರ್ಷವಾಗಿತ್ತು. ಮಹಾಕ್ರಾಂತಿಯ ಜ್ವಾಲೆ ಎಲ್ಲೆಡೆ ಹಬ್ಬಿ, ಗುರುಗಳು ಸೆರೆಮನೆ ಸೇರುತ್ತಿದ್ದರು; ದೇವಾಲಯಗಳು ಮುಚ್ಚುತ್ತಿದ್ದವು. ಅದೇ ವರ್ಷ ತರುಣ ದುಬ್ವಾ ಪ್ಯಾರಿಸ್ಸಿನ ವಿದೇಶೀ ಪ್ರೇಷಿತ ಸಂಸ್ಥೆಯನ್ನು ಸೇರಿ, ಪುದುಚೇರಿಯ ಪ್ರೇಷಿತ ಕ್ಷೇತ್ರಕ್ಕಾಗಿ ಹಡಗನ್ನೇರಿದರು. ತಾಯ್ನಾಡಿನ ದೇವಾಲಯಗಳ ಬಾಗಿಲು ಮುಚ್ಚಿದಾಗ ಪರನಾಡಿನ ದೇವಾಲಯಗಳ ಬಾಗಿಲು ತೆರೆಯಲು ದೇವರು ಅವರನ್ನು ಕರೆದೊಯ್ದರೆನ್ನಬೇಕು.

ಆ ಕಾಲದಲ್ಲಿ ದಕ್ಷಿಣ ಭಾರತದ ಧರ್ಮಸಭೆಯ ಸ್ಥಿತಿಯೂ ಸುಖಕರವಾಗಿರಲಿಲ್ಲ. ಮೈಸೂರು ಸೀಮೆಯಲ್ಲಿ 17ನೆಯ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ದೊ ಚಿನ್ನಮಿ ಗುರುಗಳು ಸ್ಥಾಪಿಸಿದ್ದ ಪ್ರೇಷಿತ ಕಾರ್ಯವು ಬೆಳೆದು ಬಂದಿತ್ತು. ಆದರೆ 1773ರಲ್ಲಿ 14ನೆಯ ಕ್ಲೆಮೆಂಟ್ ಪರಮಗುರುಗಳು ಯೇಸುಸಭೆಯನ್ನು ವಿಸರ್ಜಿಸಿದ ಮೇಲೆ ಹೊಸ ಗುರುಗಳು ಬರುವುದು ನಿಂತುಹೋಯಿತು. ಇದ್ದವರು ವೃದ್ಧರಾದರು. 1776ರಲ್ಲಿ ಕರ್ನಾಟಿಕ್ ಪ್ರೇಷಿತ ಕ್ಷೇತ್ರದ ಹೊಣೆಯು ವಿದೇಶೀ ಪ್ರೇಷಿತ ಸಂಸ್ಥೆಯ ಹೆಗಲಿಗೆ ಬಂದಿತು. ಆ ಬಳಿಕ 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರು ಟಿಪ್ಪು ಸುಲ್ತಾನರ ಆಜ್ಞೆಯಂತೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟರು. ಕರಾವಳಿಯ ದೇವಾಲಯಗಳು ನೆಲಸಮವಾದವು. 15 ವರ್ಷಗಳ ಆ ಸೆರೆಯಲ್ಲಿ ಮಡಿದವರೆಷ್ಟೋ, ಮತವನ್ನು ಬದಲಿಸಬೇಕಾಗಿ ಬಂದವರೆಷ್ಟೋ.

ಚದುರಿದ ಮಂದೆಯ ಬಳಿಗೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಸೆರೆಯಿಂದ ಬಿಡುಗಡೆಯಾದವರಲ್ಲಿ ಅನೇಕರು ಕರಾವಳಿಯ ಕಡೆಗೆ ಹಿಂದಿರುಗಿದರು. ಕೆಲವರು ಮೈಸೂರು ಸೀಮೆಯಲ್ಲಿಯೇ ಉಳಿದರು. ಈ ದಿಕ್ಕೆಟ್ಟ ಸಮುದಾಯವನ್ನು ಒಂದುಗೂಡಿಸುವುದಕ್ಕಾಗಿ, ಕೋಟೆಯ ಆಡಳಿತ ವಹಿಸಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರ ಆಹ್ವಾನದಂತೆ ಅಬ್ಬೆ ದುಬ್ವಾ ಮೈಸೂರಿಗೆ ಬಂದರು. ಆಗ ಅವರಿಗೆ ಸುಮಾರು 34 ವರ್ಷ ವಯಸ್ಸು.

ಆ ದಿನಗಳ ಅಶಾಂತಿಯನ್ನು ಅರಿಯಲು ನಮ್ಮ ಸೀಮೆಯ ಚರಿತ್ರೆಯನ್ನೇ ನೋಡಬಹುದು. 1800ರ ಬೇಸಿಗೆ ಮಳೆಗಾಲಗಳಲ್ಲಿ ಅದೇ ವೆಲ್ಲೆಸ್ಲಿಯವರ ಸೈನ್ಯವು ಧೋಂಡಿಯ ವಾಘನನ್ನು ಬೆನ್ನಟ್ಟಿ ರಾಣೆಬೆನ್ನೂರು, ಸವಣೂರುಗಳ ಮಾರ್ಗವಾಗಿ ಉತ್ತರಕ್ಕೆ ಸಾಗಿತು. ನಮ್ಮ ಎರೆಹೊಲಗಳಲ್ಲಿ ಕುದುರೆ ಫಿರಂಗಿಗಳು ಓಡಾಡುತ್ತಿದ್ದ ಆ ವರ್ಷದಲ್ಲಿಯೇ ಅತ್ತ ಶ್ರೀರಂಗಪಟ್ಟಣದ ದ್ವೀಪದಲ್ಲಿ, ಗಂಜಾಮಿನಲ್ಲಿ, ಅಬ್ಬೆಯವರು ಅಮಲೋದ್ಭವ ಮಾತೆಯ ದೇವಾಲಯವನ್ನು ಎಬ್ಬಿಸುತ್ತಿದ್ದರು. ಆ ದೇವಾಲಯವನ್ನು ಜನರು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಆದರೆ ಅವರು ಮೊದಲು ಹುಡುಕಿದ್ದು ಕಲ್ಲು ಸುಣ್ಣಗಳನ್ನಲ್ಲ, ಜನರನ್ನು. ಅವರು ಊರಿಂದೂರಿಗೆ ಸಂಚರಿಸಿದರು. ಹಳ್ಳಿಯವರಂತೆಯೇ ಬಟ್ಟೆ ತೊಟ್ಟರು, ಅವರಂತೆಯೇ ನೆಲದಲ್ಲಿ ಕುಳಿತರು, ಮಾಂಸಾಹಾರವನ್ನು ತ್ಯಜಿಸಿ ಅನ್ನ ಕಾಯಿಪಲ್ಯಗಳಿಂದ ತೃಪ್ತರಾದರು. ಐರೋಪ್ಯರ ಸಹವಾಸವನ್ನು ಆದಷ್ಟು ದೂರವಿಟ್ಟರು. ಈ ನೆಲದ ಭಾಷೆಗಳನ್ನು ಕಲಿತರು. ಜನರ ಜೀವನವನ್ನು ಹೊರಗಿನಿಂದ ನೋಡದೆ ಒಳಗಿನಿಂದ ನೋಡಬೇಕೆಂಬುದು ಅವರ ನಿಯಮವಾಗಿತ್ತು. ಆದ್ದರಿಂದಲೇ ಮತಭೇದವಿಲ್ಲದೆ ಜನರು ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಅದು ಯಾವ ಸರಕಾರವೂ ಕೊಟ್ಟ ಬಿರುದಲ್ಲ.

ಅನ್ನವಿಲ್ಲದವನ ಮುಂದೆ ಬರಿಯ ಉಪದೇಶ ನಿಲ್ಲಲಾರದೆಂಬುದನ್ನು ಅವರು ಬಲ್ಲವರಾಗಿದ್ದರು. ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ವಸತಿಗಳನ್ನು ಸ್ಥಾಪಿಸಿದರು. ಅವುಗಳಲ್ಲಿ ಹಾಸನದ ಬಳಿಯ ಸಾತಳ್ಳಿ ಮುಖ್ಯವಾದುದು. ಹೊಲಮನೆಯಿದ್ದಲ್ಲಿ ಕುಟುಂಬ ನಿಲ್ಲುತ್ತದೆ, ಕುಟುಂಬ ನಿಂತಲ್ಲಿ ದೇವಾಲಯ ನಿಲ್ಲುತ್ತದೆ. ಮುಂಗಾರು ತಪ್ಪಿದ ವರ್ಷ ಮನೆಯ ಗಂಡುಮಕ್ಕಳು ಊರು ಬಿಟ್ಟು ಹೋಗುವುದನ್ನು ಕಂಡಿರುವ ನಮ್ಮ ಸೀಮೆಯ ರೈತಾಪಿ ಜನರಿಗೆ ಈ ಸತ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ಸಿಡುಬಿನ ವಿರುದ್ಧ ಹೋರಾಟ

ಅಬ್ಬೆಯವರ ಜೀವನದಲ್ಲಿ ಸುವರ್ಣಾಕ್ಷರಗಳಿಂದ ಬರೆಯತಕ್ಕ ಅಧ್ಯಾಯವೆಂದರೆ ಸಿಡುಬಿನ ಚುಚ್ಚುಮದ್ದಿನ ಸೇವೆ. ನಮ್ಮ ಅಜ್ಜಂದಿರ ಕಾಲದಲ್ಲಿ ದೇವಿ ಹಾಕುವುದೆಂದು ಹೇಳುತ್ತಿದ್ದುದು ಇದನ್ನೇ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು ಗೋಸಿಡುಬಿನ ರಸದಿಂದ ಸಿಡುಬನ್ನು ತಡೆಯಬಹುದೆಂದು 1798ರಲ್ಲಿ ಪ್ರಕಟಿಸಿದರು. ಆ ಮದ್ದು 1802ರಲ್ಲಿ ಮುಂಬಯಿಗೆ ತಲುಪಿತು. ಮರುವರ್ಷವೇ ಅಬ್ಬೆಯವರು ಈ ಕಾರ್ಯಕ್ಕೆ ಟೊಂಕ ಕಟ್ಟಿ ನಿಂತರು.

ಮದ್ದನ್ನು ಶೀತಪೆಟ್ಟಿಗೆಯಲ್ಲಿಟ್ಟು ಸಾಗಿಸುವ ಅನುಕೂಲ ಅಂದು ಇರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ಮತ್ತೊಂದು ಮಗುವಿನ ತೋಳಿಗೆ, ಅಲ್ಲಿಂದ ಇನ್ನೊಂದಕ್ಕೆ, ಹೀಗೆ ತೋಳಿನಿಂದ ತೋಳಿಗೆ ಸಾಗಿಸಬೇಕಾಗಿತ್ತು. ಎಲ್ಲಿಯಾದರೂ ಸರಪಣಿ ಕಡಿದರೆ ಮದ್ದೇ ಇಲ್ಲ. ಮುಟ್ಟು ಮೈಲಿಗೆಗಳೂ ಜಾತಿಯ ಕಟ್ಟಳೆಗಳೂ ಬಲವಾಗಿದ್ದ ಕಾಲದಲ್ಲಿ ಒಬ್ಬರ ಮೈಯ ರಸವನ್ನು ಇನ್ನೊಬ್ಬರ ಮೈಗೆ ಸೇರಿಸಲು ಜನರನ್ನು ಒಪ್ಪಿಸುವುದು ಸುಲಭದ ಮಾತಾಗಿರಲಿಲ್ಲ. ದೊಡ್ಡ ಸ್ವಾಮಿಯವರ ಮಾತಿನ ಮೇಲಿನ ನಂಬಿಕೆಯೇ ಆ ಅಡ್ಡಿಯನ್ನು ದಾಟಿಸಿತು. 1803 ಮತ್ತು 1804ರ ಅವಧಿಯಲ್ಲಿ ಮೈಸೂರು ಸೀಮೆಯಲ್ಲಿ ಅವರ ಶ್ರಮದಿಂದ ಚುಚ್ಚುಮದ್ದು ಪಡೆದವರ ಸಂಖ್ಯೆ 25,432 ಎಂದು ಸರಕಾರೀ ದಾಖಲೆಯಲ್ಲಿದೆ. ಅವರಲ್ಲಿ ಕ್ರೈಸ್ತರೆಷ್ಟು, ಹಿಂದೂಗಳೆಷ್ಟು, ಮುಸಲ್ಮಾನರೆಷ್ಟು ಎಂದು ಸಿಡುಬು ವಿಚಾರಿಸಲಿಲ್ಲ, ಅಬ್ಬೆಯವರೂ ವಿಚಾರಿಸಲಿಲ್ಲ.

ಈ ಚುಚ್ಚುಮದ್ದಿನ ದಿನಗಳಲ್ಲಿಯೇ, 1803ರಲ್ಲಿ, ಬೆಂಗಳೂರಿನ ದಂಡು ಪ್ರದೇಶದ ಬ್ಲಾಕ್‌ಪಲ್ಲಿಯಲ್ಲಿ ಹುಲ್ಲು ಹೊದಿಸಿದ ಒಂದು ಚಿಕ್ಕ ಪ್ರಾರ್ಥನಾಲಯವನ್ನು ಕಟ್ಟಿ ಅವರು ಬಲಿಪೂಜೆಯನ್ನರ್ಪಿಸಿದರು. ಗೋಪುರವಿಲ್ಲ, ಗಂಟೆಮಾಳಿಗೆಯಿಲ್ಲ, ಬಣ್ಣದ ಗಾಜಿಲ್ಲ. ಆ ಗುಡಿಸಲಿನ ಮುಂದಿನ ಕಥೆಯನ್ನು ಕೊನೆಯಲ್ಲಿ ಹೇಳುತ್ತೇವೆ.

ಗ್ರಂಥವೂ ಅದರ ವಿವಾದವೂ

ಅಬ್ಬೆಯವರ ಹೆಸರನ್ನು ಲೋಕಕ್ಕೆ ಸಾರಿದ್ದು ಹಿಂದೂಗಳ ಆಚಾರ ವ್ಯವಹಾರ ಸಂಪ್ರದಾಯಗಳನ್ನು ಕುರಿತ ಅವರ ಬೃಹದ್ಗ್ರಂಥ. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಅದರ ಹಸ್ತಪ್ರತಿ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್ ಅವರ ಕೈಸೇರಿತು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು 2,000 ಸ್ಟಾರ್ ಪಗೋಡ ಕೊಟ್ಟು ಅದನ್ನು ಕೊಂಡುಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. ಪರಿಷ್ಕೃತ ಫ್ರೆಂಚ್ ಆವೃತ್ತಿ 1825ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದಿತು.

ಸತ್ಯವನ್ನು ಮರೆಮಾಚುವುದು ಗುರುಗಳಾದವರಿಗೆ ತರವಲ್ಲ. ಅಬ್ಬೆಯವರ ಗ್ರಂಥದ ಬಹುಭಾಗಕ್ಕೆ ಯೇಸುಸಭೆಯ ಗಸ್ತೋಂ ಲೊರಾಂ ಕೆರ್ದೂ ಎಂಬ ಗುರುಗಳು ಅವರಿಗಿಂತ ಮೊದಲೇ ಬರೆದಿಟ್ಟಿದ್ದ ಹಸ್ತಪ್ರತಿಯೇ ಆಧಾರವೆಂದು 20ನೆಯ ಶತಮಾನದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅಲ್ಲದೆ ಆ ಗ್ರಂಥದಲ್ಲಿ ನಮ್ಮ ದೇಶಬಾಂಧವರ ಬಗೆಗೆ ಬಂದಿರುವ ಕೆಲವು ಕಟುವಾದ ತೀರ್ಮಾನಗಳನ್ನು ಇಂದು ನಾವು ಒಪ್ಪಲಾರೆವು. ಮಹಾಪುರುಷರ ಜೀವನವೂ ಹಳೆಯ ಗೋಡೆಯಂತೆಯೇ. ಅದರಲ್ಲಿ ಬೇರೆಯವರು ಸುಟ್ಟ ಇಟ್ಟಿಗೆಯೂ ಇರುತ್ತದೆ, ಬಿರುಕೂ ಇರುತ್ತದೆ. ಬಿರುಕಿದೆಯೆಂದು ಗೋಡೆಯನ್ನು ಕೆಡವುವುದೂ ಸರಿಯಲ್ಲ, ಸುಣ್ಣ ಬಳಿದು ಬಿರುಕೇ ಇಲ್ಲವೆನ್ನುವುದೂ ಸರಿಯಲ್ಲ.

ನಿರಾಶೆಯ ಸಂಜೆ

31 ವರ್ಷಗಳ ಸೇವೆಯ ನಂತರ, 1823ರಲ್ಲಿ, ಅಬ್ಬೆಯವರು ಭಾರತವನ್ನು ಬಿಟ್ಟು ಫ್ರಾನ್ಸಿಗೆ ಹಿಂದಿರುಗಿದರು. ಚುಚ್ಚುಮದ್ದಿನ ಸೇವೆಯನ್ನು ಸ್ಮರಿಸಿ ಕಂಪನಿಯು ಅವರಿಗೆ ನಿವೃತ್ತಿ ವೇತನ ನೀಡಿತು. ಆದರೆ ಅವರು ಸಂತೃಪ್ತರಾಗಿ ಹೋದವರಲ್ಲ. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಗ್ರಂಥದಲ್ಲಿ, ಈ ದೇಶದಲ್ಲಿ ಕ್ರೈಸ್ತ ಧರ್ಮವು ಬೇರೂರುವ ಕಾಲ ಕಳೆದುಹೋಯಿತೆಂಬ ಅಭಿಪ್ರಾಯವನ್ನು ಅವರು ಬಿಚ್ಚುಮನಸ್ಸಿನಿಂದ ವ್ಯಕ್ತಪಡಿಸಿದರು. ಇಷ್ಟು ವರ್ಷಗಳಲ್ಲಿ, ಒಬ್ಬ ದೇಶೀಯ ಗುರುವಿನ ನೆರವಿನೊಡನೆ, ತಾವು ದೀಕ್ಷಾಸ್ನಾನ ಕೊಟ್ಟ ಹೊಸಬರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿ ಅನೇಕರು ದೃಢವಾಗಿ ನಿಲ್ಲಲಿಲ್ಲವೆಂದೂ ಒಪ್ಪಿಕೊಂಡರು. ಇಂಗ್ಲೆಂಡಿನ ಪ್ರೊಟೆಸ್ಟಂಟ್ ಪ್ರೇಷಿತರು ಇದನ್ನು ಖಂಡಿಸಿ ಗ್ರಂಥಗಳನ್ನೇ ಬರೆದರು.

ತನ್ನ ಜೀವಮಾನದ ದುಡಿಮೆ ವ್ಯರ್ಥವಾಯಿತೆಂದು ಒಬ್ಬ ಗುರುವು ಹೇಳುವುದು ಎಂತಹ ನೋವಿನ ಮಾತೆಂಬುದನ್ನು ಗುರುಪೀಠದಲ್ಲಿ ನಿಂತವರು ಬಲ್ಲರು. ಆದರೂ ಅವರು ನಿರಾಶೆಯಿಂದ ಕೈಕಟ್ಟಿ ಕೂರಲಿಲ್ಲ. ತಮ್ಮ ಸಂಸ್ಥೆಯ ಪ್ಯಾರಿಸ್ಸಿನ ಗುರುಮಠದಲ್ಲಿದ್ದು ಏಷ್ಯಾ ಖಂಡಕ್ಕೆ ಹೊರಡುವ ಯುವಗುರುಗಳ ತರಬೇತಿಗೆ ನೆರವಾದರು; 1836ರಿಂದ 1839ರ ವರೆಗೆ ಸಂಸ್ಥೆಯ ಶ್ರೇಷ್ಠರಾಗಿ ಸೇವೆ ಸಲ್ಲಿಸಿದರು. ನಮ್ಮ ದುರ್ಗಸಿಂಹನು ಶತಮಾನಗಳ ಹಿಂದೆಯೇ ಕನ್ನಡಕ್ಕೆ ತಂದಿದ್ದ ಪಂಚತಂತ್ರದ ಕಥೆಗಳನ್ನು ಅಬ್ಬೆಯವರು ತಮಿಳು, ತೆಲುಗು, ಕನ್ನಡ ಪ್ರತಿಗಳಿಂದ ಆಯ್ದು 1826ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದರು. ಬೆನ್ನು ತಿರುಗಿಸಿ ಹೋದರೂ ಅವರ ಕಿವಿಯಲ್ಲಿ ಕನ್ನಡವಿತ್ತು. 1848ರ ಫೆಬ್ರವರಿ 17ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು. ಒಂದು ಕ್ರಾಂತಿಯ ನಡುವೆ ಸ್ವದೇಶ ಬಿಟ್ಟ ಅವರು, ಪ್ಯಾರಿಸ್ಸಿನಲ್ಲಿ ಮತ್ತೊಂದು ಕ್ರಾಂತಿ ಏಳುವುದಕ್ಕೆ ಕೆಲವೇ ದಿನಗಳ ಮುಂಚೆ ಕಣ್ಣು ಮುಚ್ಚಿದರು.

ಎರಡು ಗೋಡೆಗಳ ಕಥೆ

ಅಬ್ಬೆಯವರ ನಿರಾಶೆ ನಿಜವಾಯಿತೆ? ಇದಕ್ಕೆ ಉತ್ತರವಾಗಿ ಎರಡು ದೇವಾಲಯಗಳನ್ನು ನೋಡೋಣ.

ಮೊದಲನೆಯದು ಬೆಂಗಳೂರಿನ ಹುಲ್ಲುಮಾಡಿನ ಪ್ರಾರ್ಥನಾಲಯ. ಅದರ ಹುಲ್ಲು ಎಂದೋ ಕೊಳೆತುಹೋಯಿತು. ಆದರೆ ಅಲ್ಲಿ ಸೇರುತ್ತಿದ್ದ ಜನ ಚದುರಲಿಲ್ಲ. ಅದೇ ಸ್ಥಳದಲ್ಲಿ 1875ರಲ್ಲಿ ಆರಂಭವಾದ ಗಾಥಿಕ್ ಶೈಲಿಯ ಭವ್ಯ ದೇವಾಲಯವು 1882ರ ಸೆಪ್ಟೆಂಬರ್ 8ರಂದು, ಮರಿಯಮಾತೆಯ ಜನನದ ಹಬ್ಬದಂದು, ಅಭಿಷೇಕಗೊಂಡಿತು. 1973ರಲ್ಲಿ ಬಸಿಲಿಕದ ಪದವಿ ಪಡೆದ ಶಿವಾಜಿನಗರದ ಸಂತ ಮರಿಯಮ್ಮನವರ ದೇವಾಲಯ ಇದೇ. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿ ಸೇರುವ ಜಾತಿಮತಭೇದವಿಲ್ಲದ ಜನಸಾಗರವನ್ನು ಅಬ್ಬೆಯವರು ಕಂಡಿದ್ದರೆ ತಮ್ಮ ಪತ್ರಗಳನ್ನು ಬೇರೆಯಾಗಿ ಬರೆಯುತ್ತಿದ್ದರೋ ಏನೋ.

ಎರಡನೆಯದು ಹಾಸನದ ಬಳಿಯ ಶೆಟ್ಟಿಹಳ್ಳಿಯ ಜಪಸರ ಮಾತೆಯ ದೇವಾಲಯ. ಇದನ್ನು ಅಬ್ಬೆ ದುಬ್ವಾ ಅವರೇ ಕಟ್ಟಿಸಿದರೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಅದು 1860ರ ದಶಕದಲ್ಲಿ, ಅಬ್ಬೆಯವರು ತೀರಿಕೊಂಡ ಮೇಲೆ, ಅವರ ಹೆಜ್ಜೆಯಲ್ಲಿ ನಡೆದು ಬಂದ ಫ್ರೆಂಚ್ ಗುರುಗಳು ಕಟ್ಟಿಸಿದ್ದು. ಎತ್ತರವಾದ ಕಮಾನುಗಳ ಆ ಸುಂದರ ದೇವಾಲಯದ ನೆತ್ತಿಯವರೆಗೂ ಒಂದು ಕಾಲದಲ್ಲಿ ಧೂಪದ ಹೊಗೆ ಏರುತ್ತಿತ್ತು. ಗೊರೂರಿನಲ್ಲಿ ಹೇಮಾವತಿ ನದಿಗೆ ಅಣೆಕಟ್ಟು ನಿರ್ಮಾಣವಾಗಿ 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರಿನ ಕಾರಣದಿಂದ ಊರಿನ ಜನ ಬೇರೆಡೆಗೆ ನೆಲೆ ಬದಲಿಸಿದರು. ಮಳೆಗಾಲದಲ್ಲಿ ಗೋಡೆಗಳು ಅರ್ಧ ಮುಳುಗುತ್ತವೆ, ಬೇಸಿಗೆಯಲ್ಲಿ ಮತ್ತೆ ಮೇಲೇಳುತ್ತವೆ. ಛಾವಣಿಯಿಲ್ಲ, ಪೀಠವಿಲ್ಲ, ಗಾರೆ ಉದುರಿ ಇಟ್ಟಿಗೆ ಬರಿದಾಗಿದೆ. ನೋಡಲು ಬರುವವರು ಬಹಳ. ಮೊಣಕಾಲೂರಿ ಪ್ರಾರ್ಥಿಸುವವರು ವಿರಳ. ಅದನ್ನು ಉಳಿಸಬೇಕೆಂಬ ಕೂಗು ಎದ್ದಿದೆ, ಅದು ನ್ಯಾಯವೂ ಆಗಿದೆ. ಆದರೆ ಗಮನಿಸಿರಿ: ಹುಲ್ಲಿನ ಗುಡಿಸಲು ಬಸಿಲಿಕವಾಯಿತು, ಇಟ್ಟಿಗೆಯ ಮಂದಿರ ಪಾಳುಬಿದ್ದಿತು. ಒಂದರ ಸುತ್ತ ಜನ ಉಳಿದರು, ಇನ್ನೊಂದರ ಸುತ್ತಲಿನ ಜನ ಎದ್ದುಹೋಗಬೇಕಾಯಿತು. ವ್ಯತ್ಯಾಸವಿರುವುದು ಇಷ್ಟರಲ್ಲಿಯೇ.

ನಮ್ಮ ಗೋಡೆ

ಈಗ ನಮ್ಮ ದೇವಾಲಯದ ಹೊರಗೋಡೆಯ ಮಾತಿಗೆ ಬರೋಣ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆ ಉಸಿರಾಡುತ್ತದೆ. ಮಳೆಯಲ್ಲಿ ಹೀರಿದ ತೇವವನ್ನು ಬಿಸಿಲಿನಲ್ಲಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟನ್ನು ಬಿಗಿದರೆ ತೇವವು ಒಳಗೇ ಸಿಕ್ಕಿಕೊಂಡು, ಉಪ್ಪು ಕಟ್ಟಿ, ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಹೊರಗೆ ಹೊಳಪು, ಒಳಗೆ ಹುಡಿ. ಇದಕ್ಕೆ ವಿರುದ್ಧವಾದ ಪಾಠವೂ ಇದೆ. ನಮ್ಮಲ್ಲಿ ಅನೇಕರು ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನಕ್ಕಾಗಿ ಗೋವೆಯ ಬೊಂ ಜೀಸಸ್ ಬಸಿಲಿಕಕ್ಕೆ ಹೋಗಿ ಬಂದಿದ್ದೀರಿ. 1605ರಲ್ಲಿ ಅಭಿಷೇಕಗೊಂಡ ಆ ದೇವಾಲಯದ ಕೆಂಪು ಜಂಬಿಟ್ಟಿಗೆ ಕಲ್ಲು ಮೊದಲಿನಿಂದಲೂ ಹೀಗೆ ಬರಿದಾಗಿತ್ತೆಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. 1950ರ ದಶಕದಲ್ಲಿ, ಪುರಾತನವಾಗಿ ಕಾಣಲೆಂದು, ಹೊರಗಿನ ಸುಣ್ಣದ ಗಾರೆಯನ್ನು ಕಿತ್ತುಹಾಕಲಾಯಿತು. ಅಂದಿನಿಂದ ಮಳೆಗಾಲದ ಹೊಡೆತಕ್ಕೆ ಆ ಮೆತ್ತನೆಯ ಕಲ್ಲು ಸವೆಯುತ್ತಲಿದೆ. ಮತ್ತೆ ಗಾರೆ ಹಚ್ಚಬೇಕೆಂದು ತಜ್ಞರು ಹೇಳುತ್ತಿದ್ದಾರೆ. ಗಾರೆಯು ಅಲಂಕಾರವಲ್ಲ, ಅದು ಗೋಡೆಯ ಚರ್ಮ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸುತ್ತೇವೆ. ಸುಣ್ಣವನ್ನು ನೆನೆಹಾಕಿ ಕಳಿಸಿ, ಮರಳು ಬೆರೆಸಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ಹದಮಾಡುವ ಕೆಲಸ ನಿಧಾನದ್ದು. ಅದಕ್ಕೆ ಕೈಗಳು ಬೇಕು, ದಿನಗಳು ಬೇಕು, ತಾಳ್ಮೆ ಬೇಕು. ಹಬ್ಬದ ದಿನಕ್ಕೆ ಮುಗಿಯದೆಯೂ ಹೋಗಬಹುದು, ಹೋದರೆ ಹೋಗಲಿ. ಊರಿನ ಹಳೆಯ ಗೌಂಡಿಗಳು ಬಲ್ಲ ಈ ಕೆಲಸವನ್ನು ನಮ್ಮ ತರುಣರು ಅವರ ಕೈಕೆಳಗೆ ನಿಂತು ಕಲಿಯಲಿ. ತಾನು ಮೆತ್ತಿದ ಗೋಡೆಯನ್ನು ಯಾವ ತರುಣನೂ ಸುಲಭವಾಗಿ ಮರೆಯಲಾರ.

ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಮ್ಮ ಧರ್ಮಕೇಂದ್ರದ ಮನೆಗಳಲ್ಲಿ ಬೀಗ ಹಾಕಿದ ಬಾಗಿಲುಗಳು ಹೆಚ್ಚುತ್ತಿವೆ. ಕೂಲಿಯನ್ನರಸಿ ಗೋವೆಗೆ, ಓದು ಉದ್ಯೋಗಗಳಿಗಾಗಿ ಹುಬ್ಬಳ್ಳಿ ಬೆಂಗಳೂರುಗಳಿಗೆ ನಮ್ಮ ಮಕ್ಕಳು ಹೊರಟುಹೋಗುತ್ತಿದ್ದಾರೆ. ಹೋಗಬೇಡಿರೆಂದು ಹೇಳುವ ಹಕ್ಕು ನಮಗಿಲ್ಲ. ಹೊಟ್ಟೆಯ ಹಂಗು ದೊಡ್ಡದು. ಆದರೆ ಹಾಗೆ ಹೋದವರ ವೃದ್ಧ ತಂದೆತಾಯಿಗಳನ್ನು ಭಾನುವಾರದ ಬಲಿಪೂಜೆಗೆ ಕೈಹಿಡಿದು ಕರೆತರುವವರು ಯಾರು? ಶಾಲೆ ಬಿಟ್ಟ ಮಗುವನ್ನು ಮರಳಿ ಶಾಲೆಗೆ ಸೇರಿಸುವವರು ಯಾರು? ಸಾಲದಲ್ಲಿ ಮುಳುಗಿದ ರೈತನ ಕಟ್ಟೆಯ ಮೇಲೆ ಒಂದು ಗಳಿಗೆ ಕೂರುವವರು ಯಾರು? ಅಬ್ಬೆ ದುಬ್ವಾ ಅವರು ಹೊಲವನ್ನೂ ಮದ್ದನ್ನೂ ಮಂತ್ರಪೀಠವನ್ನೂ ಬೇರೆ ಬೇರೆಯಾಗಿ ಕಾಣಲಿಲ್ಲ. ತೋಳಿನಿಂದ ತೋಳಿಗೆ ಮದ್ದು ಸಾಗಿದಂತೆ, ವಿಶ್ವಾಸವೂ ಮನೆಯಿಂದ ಮನೆಗೆ ಸಾಗಬೇಕು. ಸರಪಣಿ ಕಡಿದರೆ ಮದ್ದಿಲ್ಲ.

ಅಬ್ಬೆಯವರು ತಮ್ಮ ದುಡಿಮೆಯ ಫಲವನ್ನು ಕಾಣದೆ ಹೋದರು. ನೂರು ವರ್ಷಗಳ ಹಿಂದೆ ನಮ್ಮ ದೇವಾಲಯಕ್ಕೆ ಮಣ್ಣು ಹೊತ್ತ ತಾಯಂದಿರೂ, ಕಲ್ಲು ಒಡೆದ ಅಜ್ಜಂದಿರೂ ಈ ಶತಮಾನೋತ್ಸವವನ್ನು ಕಾಣಲಿಲ್ಲ. ಬಿತ್ತುವವನು ಒಬ್ಬ, ಕೊಯ್ಯುವವನು ಇನ್ನೊಬ್ಬ; ಇದು ದೇವರ ಹೊಲದ ಪದ್ಧತಿ. ಇಂದು ನಾವು ಹಚ್ಚುವ ಗಾರೆಯ ನೆರಳಿನಲ್ಲಿ ನಿಲ್ಲುವ ಮೊಮ್ಮಕ್ಕಳನ್ನು ನಾವೂ ಕಾಣಲಾರೆವು. ಅವರು ನಿಲ್ಲಲು ಬಂದಾಗ ಗೋಡೆಯೂ ಇರಲಿ, ಗೋಡೆಯೊಳಗೆ ಅವರನ್ನು ಕರೆದು ಕೂರಿಸಿಕೊಳ್ಳುವ ಜನವೂ ಇರಲಿ ಎಂದು ಕನ್ಯಾಮರಿಯಮ್ಮನವರ ಮಧ್ಯಸ್ಥಿಕೆಯ ಮೂಲಕ ಪ್ರಭು ಯೇಸುವಿನಲ್ಲಿ ಪ್ರಾರ್ಥಿಸುತ್ತೇವೆ. ನಮ್ಮ ಧರ್ಮಕೇಂದ್ರದ ಸಮಸ್ತ ಕುಟುಂಬಗಳಿಗೂ ದೇವರ ಆಶೀರ್ವಾದವಿರಲಿ.